ತೂತೇ ಜಾಸ್ತಿ, ಆದರೂ ಬೆಚ್ಚಗೆ

ಜನವರಿಯಲ್ಲೂ ಕಾರವಾರದಲ್ಲಿ ಉಣ್ಣೆಗೆ ಕೆಲಸ ಅಷ್ಟಕ್ಕಷ್ಟೇ. ಸಮುದ್ರ ಚಳಿಯನ್ನು ಹತ್ತಿರ ಬಿಡುವುದಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಕತೆಯೇ ಬೇರೆ. ಬೆಳಿಗ್ಗೆ ಮಂಜು ಮುಸುಕಿರುತ್ತದೆ, ಡೇರಿಗೆ ಹಾಲು ಹಾಕಲು ಹೊರಟವರ ಕಿವಿ ಮಫ್ಲರ್‌ನೊಳಗಿರುತ್ತದೆ. ಈ ಚಳಿಗೆ ಮಫ್ಲರ್ ಬದಲು ತಲೆಯ ಮೇಲಿಂದ ಇಳಿಸಿಕೊಳ್ಳುವ ಕುತ್ತಿಗೆ ಪಟ್ಟಿ ಹೆಣೆಯುವವರಿದ್ದಾರೆ. ಅದರಲ್ಲೂ ಲೇಸ್ ಡಿಸೈನ್ ಅಂದರೆ ಕೆಲವರಿಗೆ ಪ್ರಾಣ. ನೋಡಿದವರು ಮಾತ್ರ ಕೇಳಿಯೇ ಕೇಳುತ್ತಾರೆ: ಇಷ್ಟೊಂದು ತೂತು ಇಟ್ಟುಕೊಂಡು ಇದೇನು ಬೆಚ್ಚಗಿಡುತ್ತದೆ?

ನ್ಯಾಯವಾದ ಪ್ರಶ್ನೆ. ಉತ್ತರ ಗಾಳಿಯಲ್ಲಿದೆ. ಅಲುಗಾಡದೆ ನಿಂತ ಗಾಳಿಗೆ ಶಾಖ ದಾಟಿಸುವುದೆಂದರೆ ಬಲು ಸೋಮಾರಿತನ. ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತದೆ. ಉಣ್ಣೆಯ ಎಳೆ ಹುಟ್ಟಾ ಗುಂಗುರು. ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಮಲಗುವುದಿಲ್ಲ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುವುದು ಮುಖ್ಯವಾಗಿ ಈ ಗಾಳಿಯೇ. ಲೇಸ್ ಪಟ್ಟಿಯನ್ನು ಕುತ್ತಿಗೆಗೆ ಹಾಕಿದಾಗ ಅದು ಎರಡು ಮೂರು ಮಡಿಕೆಯಾಗಿ ಕುಸಿದು ಕೂರುತ್ತದೆ. ಒಂದು ಪದರದ ತೂತಿಗೆ ಇನ್ನೊಂದು ಪದರದ ಎಳೆ ಅಡ್ಡ ಬರುತ್ತದೆ, ನಡುವೆ ಮತ್ತಷ್ಟು ಗಾಳಿ ನಿಲ್ಲುತ್ತದೆ. ಆದರೆ ಬೈಕ್ ಹತ್ತಿದಿರೋ, ಆಟ ಮುಗಿಯಿತು. ಬೀಸುವ ಗಾಳಿ ನಿಂತ ಗಾಳಿಯನ್ನು ತೂತಿನಿಂದಲೇ ಎತ್ತಿಕೊಂಡು ಹೋಗುತ್ತದೆ. ಜಾಕೆಟ್ ಒಳಗೆ ಸೇರಿಸಿಕೊಂಡರೆ ಸರಿ, ಹೊರಗೆ ಹಾಕಿಕೊಂಡರೆ ಸುಮ್ನೆ ಶೋಕಿ.

ತೂತಿನ ವಸ್ತು ನಮ್ಮ ಕರಾವಳಿಗೇನು ಹೊಸದಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಕೂತು ಬಲೆ ರಿಪೇರಿ ಮಾಡುವವರ ಕೈ ನೋಡಿ. ಕೈಯಿಂದ ಮಾಡಿದ ಬಲೆಯ ಪ್ರತಿ ಕಣ್ಣಿನ ಮೂಲೆಯಲ್ಲೂ ಒಂದು ಗಂಟು. ಒಂದು ಕಣ್ಣು ಹರಿದರೆ ಅಲ್ಲಿಗೇ ನಿಲ್ಲುತ್ತದೆ, ಪಕ್ಕದ ಗಂಟು ಜಗ್ಗುವುದಿಲ್ಲ. ಹೆಣಿಗೆಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗುವುದು, ಅಷ್ಟೇ. ಕಡ್ಡಿಯಿಂದ ಒಂದು ಜಾರಿತೋ, ಅದರ ಕೆಳಗಿನವು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಯ ಸಾಲು ಮುಚ್ಚದೆ ದಾರ ಎಳೆದರೆ ಇಡೀ ಪಟ್ಟಿ ಮತ್ತೆ ಉಂಡೆಯಾಗುತ್ತದೆ.

ಗಂಟಿಲ್ಲದ್ದೇ ಅದರ ದೊಡ್ಡ ಗುಣ. ದಾರ ಸ್ವತಃ ಹೆಚ್ಚು ಹಿಗ್ಗುವುದಿಲ್ಲ. ಆದರೂ ಪಟ್ಟಿ ತಲೆ ದಾಟುವಷ್ಟು ಅಗಲವಾಗಿ, ಕುತ್ತಿಗೆಗೆ ಬಂದಾಗ ಮತ್ತೆ ಕುಗ್ಗುತ್ತದೆ. ಅಡ್ಡಕ್ಕೆ ಎಳೆದಾಗ ಕುಣಿಕೆಯ ಉದ್ದದಲ್ಲಿದ್ದ ದಾರ ಅಗಲಕ್ಕೆ ಜಾರುತ್ತದೆ. ಬಿಟ್ಟಾಗ, ಬಾಗಿದ ದಾರ ತನ್ನ ಹಳೆಯ ಬಾಗಿಗೆ ವಾಪಸ್ ಬರಲು ನೋಡುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಭೌತವಿಜ್ಞಾನಿ ಎಲಿಸಬೆಟ್ಟಾ ಮತ್ಸುಮೊಟೊ ಅವರ ತಂಡ ಇದನ್ನೇ ಅಳೆದು 2024ರಲ್ಲಿ ಪ್ರಕಟಿಸಿತು. ಸೀದಾ (ಬಟ್ಟೆಯ ಮುಂದಕ್ಕೆ ಎಳೆದ) ಮತ್ತು ಉಲ್ಟಾ (ಹಿಂದಕ್ಕೆ ಎಳೆದ) ಕುಣಿಕೆಗಳನ್ನು ಜೋಡಿಸುವ ಕ್ರಮ ಬದಲಾದರೆ ಸಾಕು, ಬಟ್ಟೆ ಎಷ್ಟು ಬಿಗಿ, ಎಷ್ಟು ಸಡಿಲ ಎನ್ನುವುದೇ ಬದಲಾಗುತ್ತದೆ. ಹೆಣೆಯುವ ಅಜ್ಜಿಯರಿಗೆ ಇದು ಗೊತ್ತಿತ್ತು, ಅಲ್ವಾ? ಗೊತ್ತಿತ್ತು. ಆದರೆ ಎಷ್ಟು, ಯಾಕೆ ಎಂದು ಲೆಕ್ಕ ಹಾಕುವುದು ಬೇರೆಯೇ ಕೆಲಸ.

ಇನ್ನು ಲೇಸ್‌ನ ತೂತು. ಕತ್ತರಿಗೆ ಇಲ್ಲಿ ಕೆಲಸವಿಲ್ಲ. ದಾರವನ್ನು ಕಡ್ಡಿಯ ಮೇಲೆ ಸುಮ್ನೆ ಒಂದು ಸಲ ಹಾಯಿಸಿದರೆ ಹೊಸ ಕುಣಿಕೆ ಹುಟ್ಟುತ್ತದೆ. ಕೆಳಗೆ ಅದನ್ನು ಹಿಡಿದುಕೊಳ್ಳುವ ಕುಣಿಕೆ ಇಲ್ಲದ ಕಾರಣ ಅಲ್ಲಿ ತೂತು ಬೀಳುತ್ತದೆ. ಹಾಗೆ ಬಿಟ್ಟರೆ ಪಟ್ಟಿ ಅಗಲವಾಗುತ್ತಲೇ ಹೋಗುತ್ತದೆ. ಅದಕ್ಕೇ ಅಲ್ಲೇ ಹತ್ತಿರದಲ್ಲಿ ಎರಡು ಕುಣಿಕೆ ಸೇರಿಸಿ ಒಂದಾಗಿ ಹೆಣೆಯುವುದು. ಒಂದು ಬಂತು, ಒಂದು ಹೋಯಿತು. ಸೇರಿಸಿದ ಜೋಡಿ ಬಲಕ್ಕೆ ವಾಲಿತೋ ಎಡಕ್ಕೆ ವಾಲಿತೋ ಎನ್ನುವುದರ ಮೇಲೆ ಎಲೆಯೋ ಅಲೆಯೋ ಮೂಡುತ್ತದೆ.

ಲೆಕ್ಕ ಒಂದು ನೋಡೋಣ. ನಿಮ್ಮ ಕೈಗೆ 10 ಸೆಂಟಿಮೀಟರ್‌ಗೆ 20 ಕುಣಿಕೆ ಬರುತ್ತದೆ ಅಂದುಕೊಳ್ಳಿ. 60 ಸೆಂಟಿಮೀಟರ್ ಸುತ್ತಳತೆಗೆ 120 ಬೇಕು. ಡಿಸೈನ್ 8 ಕುಣಿಕೆಗೊಮ್ಮೆ ಮರುಕಳಿಸಿದರೆ ಸರಿಯಾಗಿ 15 ಸಲ ಕೂರುತ್ತದೆ, ಉಳಿಕೆ ಇಲ್ಲ. ಕೈ ಸ್ವಲ್ಪ ಸಡಿಲವಾಗಿ 10 ಸೆಂಟಿಮೀಟರ್‌ಗೆ 18 ಬಂತು ಅನ್ನಿ, ಅದೇ 120 ಕುಣಿಕೆ 66 ಸೆಂಟಿಮೀಟರ್ ದಾಟುತ್ತದೆ. ಮಾದರಿ ತುಣುಕು ಹೆಣೆದು ಅಳೆಯಲು ಹೇಳುವುದು ಇದಕ್ಕೇ. ಅದನ್ನೂ ಸುತ್ತಾಗಿಯೇ ಹೆಣೆಯಿರಿ. ಹಿಂದೆ ಮುಂದೆ ಹೆಣೆಯುವಾಗ ಉಲ್ಟಾ ಸಾಲು ಬರುತ್ತದೆ, ಹಲವರ ಕೈಯಲ್ಲಿ ಅದರ ಬಿಗಿತವೇ ಬೇರೆ.

ಎರಡು ಕಡ್ಡಿಗಳನ್ನು ವೈರ್‌ನಿಂದ ಜೋಡಿಸಿದ ಸುತ್ತು ಕಡ್ಡಿಯಲ್ಲಿ ಹೆಣೆಯುವಾಗ ಸೀದಾ ಮುಖ ಸದಾ ನಿಮ್ಮ ಕಡೆಗೇ ಇರುತ್ತದೆ, ಪಕ್ಕದಲ್ಲಿ ಹೊಲಿಗೆ ಬೇಕಿಲ್ಲ. ಮನೆಯಲ್ಲಿರುವ ಬನಿಯನ್ ತೆಗೆದು ನೋಡಿ, ಬಹಳಷ್ಟಕ್ಕೆ ಪಕ್ಕದಲ್ಲಿ ಹೊಲಿಗೆ ಇರುವುದಿಲ್ಲ. ಅವೂ ಯಂತ್ರ ಸುತ್ತಾಗಿ ಹೆಣೆದ ಕೊಳವೆಗಳೇ. ಇನ್ನೊಂದು ಮಜಾ: ಸುತ್ತು ನಿಜವಾಗಿ ಮುಚ್ಚುವುದೇ ಇಲ್ಲ. ಆರಂಭಕ್ಕೆ ಬಂದಾಗ ನೀವು ಒಂದು ಸಾಲು ಮೇಲಿರುತ್ತೀರಿ. ಇಡೀ ಪಟ್ಟಿ ಒಂದೇ ದಾರದ ಸುರುಳಿ. ಬಣ್ಣದ ಪಟ್ಟೆ ಹಾಕಿದರೆ ಜೋಡಣೆಯಲ್ಲಿ ಮೆಟ್ಟಿಲು ಕಾಣುವುದು ಅದಕ್ಕೇ.

ಮೊದಲ ಸಾಲನ್ನು ಸುತ್ತಿಗೆ ಸೇರಿಸುವಾಗ ಕಡ್ಡಿಯ ಮೇಲೆ ಅದು ತಿರುಚಿಕೊಂಡಿದ್ದರೆ ಮಾತ್ರ ಕೆಟ್ಟಿತು. ಆ ತಿರುಚು ಪೂರ್ತಿ ಒಂದು ಸುತ್ತಿನದು, 360 ಡಿಗ್ರಿ. ಅದನ್ನು ಮೋಬಿಯಸ್ ಪಟ್ಟಿ ಎನ್ನುವವರಿದ್ದಾರೆ, ಅದು ತಪ್ಪು. ಮೋಬಿಯಸ್‌ಗೆ ಅರ್ಧ ತಿರುಚು, ಅದಕ್ಕೆ ಒಂದೇ ಮುಖ, ಒಂದೇ ಅಂಚು. ಇದಕ್ಕೆ ಎರಡು ಮುಖ, ಎರಡು ಅಂಚು ಇದ್ದೇ ಇರುತ್ತವೆ, ಆದರೆ ಅಂಚುಗಳು ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ನಾಲ್ಕು ಸಾಲು ಹೆಣೆದ ಮೇಲೆ ಕಂಡರೆ ಎಳೆದರೂ ಮಡಿಸಿದರೂ ಹೋಗುವುದಿಲ್ಲ. ಬಿಚ್ಚಲೇಬೇಕು.

ಯಾವ ದಾರ? ಕುತ್ತಿಗೆಯ ಚರ್ಮ ಸೂಕ್ಷ್ಮ. ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪಗಿನ ಎಳೆಯ ತುದಿ ಬಾಗದೆ ಚುಚ್ಚುತ್ತದೆ. ದಖನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಸೈ, ಇಲ್ಲಿಗೆ ಬೇಡ. ಮೆರಿನೋ ಕುರಿಯ ಉಣ್ಣೆಯಂಥ ನಯವಾದದ್ದು ಬೇಕು. ಹಾಗೆಂದು ಕಂಬಳಿಯನ್ನು ಕಡೆಗಣಿಸುವಂತಿಲ್ಲ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿದವರಿಗೆ ಉಣ್ಣೆಯ ಇನ್ನೊಂದು ಗುಣ ಗೊತ್ತು. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಅದು ಕೈಗೆ ಒದ್ದೆ ಅನ್ನಿಸುವುದು ಕಡಿಮೆ. ಒಣ ಉಣ್ಣೆ ಗಾಳಿಯ ತೇವ ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ.

ಇದೇ ನೀರಿನ ಚಪಲ ಲೇಸನ್ನು ಲೇಸ್ ಮಾಡುವುದು. ಕಡ್ಡಿಯಿಂದ ಇಳಿಸಿದ ಪಟ್ಟಿ ಮುದ್ದೆಯಾಗಿ, ತೂತು ಕಾಣದೆ ಇರುತ್ತದೆ. ತಣ್ಣೀರಲ್ಲಿ ನೆನೆಸಿದಾಗ ಎಳೆಯೊಳಗಿನ ಕೆರಟಿನ್ ಎಂಬ ಪ್ರೋಟೀನ್ ಸರಪಣಿಗಳ ನಡುವಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ. ಹಿಂಡದೆ ಟವೆಲಿನಲ್ಲಿ ಒತ್ತಿ, ಎಳೆದು ಹರಡಿ ಒಣಗಿಸಿದರೆ ಅವು ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ, ಎಲೆಗಳು ಬಿಡಿಸಿಕೊಳ್ಳುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಪಟ್ಟಿ ಕುಗ್ಗಿ ದಪ್ಪ ಚಕ್ಕಳವಾಗುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ದಾರ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಲೇಬಲ್ ಓದಿ. ಅಕ್ರಿಲಿಕ್‌ಗೆ ನೀರು ಏನೂ ಮಾಡುವುದಿಲ್ಲ, ಅದಕ್ಕೆ ಹಬೆ ಬೇಕು. ಹಬೆಗೆ ಮೆತ್ತಗಾಗಿ ಅದು ಎಳೆದ ಆಕಾರಕ್ಕೆ ನಿಲ್ಲುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಮೇಲಿಂದಲೇ ಹಿಡಿಯಿರಿ, ಮುಟ್ಟಿಸಿದರೆ ಕರಗುತ್ತದೆ.