ಕಪ್ಪು ಬಣ್ಣದ ಬೆನ್ನು ಹತ್ತಿದ ವಿಕಿರಣ

ವಿಕಿರಣದಿಂದ ಕ್ಯಾನ್ಸರ್‌ಗೆ ಮದ್ದು ಮಾಡುವ ಕೆಲಸ ಶುರುವಾಗಿದ್ದು ಹೆಚ್ಚುಕಡಿಮೆ ಚರ್ಮದಿಂದಲೇ. 1903ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗೋಲ್ಡ್‌ಬರ್ಗ್ ಮತ್ತು ಯೆಫಿಮ್ ಲಂಡನ್ ಎಂಬಿಬ್ಬರು ಚರ್ಮದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಿಗೆ ರೇಡಿಯಂ ಬಳಸಿದರು. ಹುಣ್ಣು ಕಣ್ಣಿಗೆ ಕಾಣುತ್ತಿತ್ತು. ರೇಡಿಯಂ ಎಲ್ಲಿಡಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ.

ಮೆಲನೋಮಾ ಹಾಗಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿ ಚರ್ಮದವರಲ್ಲಿ ಜಾಸ್ತಿ. ನಮ್ಮಲ್ಲಿ ಅಪರೂಪ, ಆದರೆ ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿ ಬರುತ್ತದೆ. ಅಂಗಾಲನ್ನು ಯಾರು ತಿರುಗಿಸಿ ನೋಡಿಕೊಳ್ಳುತ್ತಾರೆ ಹೇಳಿ? ಗೊತ್ತಾಗುವ ಹೊತ್ತಿಗೆ ಅದು ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿರಬಹುದು. ಆಗ ರೇಡಿಯಂ ಎಲ್ಲಿ ಅಂತ ಇಡುವುದು? ರಕ್ತದಲ್ಲಿ ಓಡಾಡಿ, ಚದುರಿಹೋದ ಕೋಶಗಳನ್ನು ತಾನೇ ಹುಡುಕಿಕೊಂಡು ಹೋಗುವ ವಿಕಿರಣ ಬೇಕು. ವಿಕಿರಣ ಬಿಡುವ ಪರಮಾಣುಗಳಿಗೇನೂ ಬರವಿರಲಿಲ್ಲ. ಸರಿಯಾದ ವಿಳಾಸ ಗೊತ್ತಿರುವ ಅಂಚೆಯವನು ಸಿಗದೆ ದಶಕಗಳೇ ಕಳೆದವು.

ಮೊದಲು ಹೊಳೆದ ವಿಳಾಸ ಆ ಕಪ್ಪು ಬಣ್ಣವೇ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಮೆಲನಿನ್‌ಗೆ ಅಂಟಿಕೊಳ್ಳುತ್ತದೆ ಅನ್ನುವುದು ಗೊತ್ತಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಲಿಯಂ ಬೈರ್‌ವಾಲ್ಟಿಸ್ ತಂಡ ಅದೇ ಜಾತಿಯ ಒಂದು ರಾಸಾಯನಿಕಕ್ಕೆ ವಿಕಿರಣ ಬಿಡುವ ಅಯೋಡಿನ್-125 ಸೇರಿಸಿ, ರೋಗಿಗಳ ಮೈಯಲ್ಲಿ ಮೆಲನೋಮಾ ಹರಡಿದ ಜಾಗಗಳನ್ನು ಗುರುತಿಸಿತು. 1968ರಲ್ಲಿ ಅದು ಪ್ರಕಟವೂ ಆಯಿತು. ಆದರೆ ಅಯೋಡಿನ್-125ರ ಕಿರಣ ಬಹಳ ದುರ್ಬಲ. ದೇಹದ ಆಳದಲ್ಲಿರುವ ಗೆಡ್ಡೆಯಿಂದ ಹೊರಬರುವಷ್ಟರಲ್ಲಿ ಕರಗಿಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಮೆಲನಿನ್ ಇರುವುದು ಗೆಡ್ಡೆಯಲ್ಲಿ ಮಾತ್ರವಲ್ಲ, ಕಣ್ಣಿನ ಒಳಪದರದಲ್ಲೂ ಇದೆ. ಚಿತ್ರಕ್ಕೆ ಬೇಕಾಗುವ ಸಣ್ಣ ಡೋಸ್‌ನಲ್ಲಿ ಇದು ದೊಡ್ಡ ವಿಷಯವಲ್ಲ. ಚಿಕಿತ್ಸೆಯ ಡೋಸ್ ಕೊಡಲು ಹೊರಟರೆ ಕಣ್ಣಿನ ಚಿಂತೆ ಶುರು. ಮುಂದೆ ಫ್ರಾನ್ಸಿನ ಕ್ಲೆರ್ಮೋ-ಫೆರಾಂನಲ್ಲಿ ಬೆಂಜಮೈಡ್ ಎಂಬ ಸಣ್ಣ ಅಣುಗಳೊಂದಿಗೆ ಇದೇ ದಾರಿಯಲ್ಲಿ ತುಂಬಾ ಕೆಲಸ ನಡೆಯಿತು.

ವಿಚಿತ್ರ ಅಂದರೆ, ಇಷ್ಟೆಲ್ಲ ಜಾಣತನದ ನಡುವೆ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದು ಮೆಲನೋಮಾದ ಗುರುತೇ ಇಲ್ಲದ ಎರಡು ಟ್ರೇಸರ್‌ಗಳು, ಅಂದರೆ ಮೈಯೊಳಗೆ ತಾವು ಹೋದ ಜಾಗ ತೋರಿಸುವ ವಿಕಿರಣದ ವಸ್ತುಗಳು. ಒಂದು, ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ, ಸಕ್ಕರೆಯನ್ನೇ ಹೋಲುವ ಎಫ್‌ಡಿಜಿ. ಅದು ಹುಡುಕುವುದು ಬಣ್ಣವನ್ನಲ್ಲ, ಸಕ್ಕರೆಯ ಹಸಿವನ್ನು. ಮಿದುಳಿಗೆ ಸದಾ ಸಕ್ಕರೆ ಬೇಕಾದ್ದರಿಂದ ಅಲ್ಲಿಗೆ ಹರಡಿದ ಗೆಡ್ಡೆ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ, ಎಂಆರ್‌ಐ ಬೇಕೇ ಬೇಕು.

ಇನ್ನೊಂದು ಟೆಕ್ನೀಷಿಯಂ-99ಎಂ ಬೆರೆಸಿದ ಸೂಕ್ಷ್ಮ ಕಣಗಳ ದ್ರವ. ಇಡೀ ಕಥೆಯಲ್ಲಿ ರೋಗಿಗಳಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ ಅನ್ನುವುದು ನನ್ನ ಅನಿಸಿಕೆ. ಮೊದಲೆಲ್ಲ ಮೆಲನೋಮಾ ಹರಡಿರಬಹುದು ಎಂಬ ಅನುಮಾನಕ್ಕೇ ಕಂಕುಳು ಅಥವಾ ತೊಡೆಸಂದಿನ ದುಗ್ಧಗ್ರಂಥಿಗಳನ್ನೆಲ್ಲ (ಲಿಂಫ್ ನೋಡ್) ತೆಗೆದುಬಿಡುತ್ತಿದ್ದರು. ಆಮೇಲೆ ಎಷ್ಟೋ ಜನರಿಗೆ ಕೈಕಾಲು ಊದಿಕೊಂಡು ಜೀವನಪೂರ್ತಿ ಕಾಟ. 1992ರಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್, ಮಚ್ಚೆಯ ಸುತ್ತ ನೀಲಿ ಬಣ್ಣ ಚುಚ್ಚಿ ಅದು ಮೊದಲು ತಲುಪುವ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುವ ದಾರಿ ತೋರಿಸಿದರು. ಮರುವರ್ಷ ಡೇವಿಡ್ ಕ್ರಾಗ್ ತಂಡ ವಿಕಿರಣದ ದ್ರವ ಬಳಸಿತು. ವಿಕಿರಣ ಪತ್ತೆಹಚ್ಚುವ, ಕೈಯಲ್ಲಿ ಹಿಡಿಯುವ ಗಾಮಾ ಪ್ರೋಬ್ ಸದ್ದು ಮಾಡಿದಲ್ಲಿ ಸರ್ಜನ್ ಕೊಯ್ದರೆ ಸಾಕು. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದ ಗ್ರಂಥಿಗಳನ್ನು ಮುಟ್ಟುವ ಹಾಗೇ ಇಲ್ಲ. ಇದ್ದರೂ ಎಲ್ಲವನ್ನೂ ಕಿತ್ತು ತೆಗೆಯುವುದರಿಂದ ಆಯಸ್ಸು ಹೆಚ್ಚುವುದಿಲ್ಲ ಎಂದು 2017ರ ಒಂದು ದೊಡ್ಡ ಪ್ರಯೋಗ ತೋರಿಸಿತು.

ಚಿಕಿತ್ಸೆಯ ಕನಸು ಮಾತ್ರ ಬೇರೆ ಬೇರೆ ಕಡೆ ಕುಂಟುತ್ತಾ ಸಾಗಿತ್ತು. ನ್ಯೂಯಾರ್ಕ್‌ನ ಎಕಟೆರಿನಾ ದಾದಾಚೋವಾ ಮತ್ತು ಆರ್ಟುರೋ ಕಸಡೆವಾಲ್ ಶಿಲೀಂಧ್ರದ ಮೆಲನಿನ್ ವಿರುದ್ಧ ತಯಾರಾದ ಪ್ರತಿಕಾಯಕ್ಕೆ ವಿಕಿರಣ ಬಿಡುವ ರೇನಿಯಂ-188 ಕಟ್ಟಿ, 2004ರಲ್ಲಿ ಇಲಿಗಳ ಮೆಲನೋಮಾ ಮೇಲೆ ಬಿಟ್ಟರು. ಸತ್ತ ಕೋಶಗಳಿಂದ ಹೊರಚೆಲ್ಲಿದ ಮೆಲನಿನ್‌ಗೆ ಅದು ಅಂಟಿಕೊಂಡು, ಸುತ್ತಲಿನ ಬದುಕಿದ ಕೋಶಗಳನ್ನು ಸುಡುತ್ತಿತ್ತು. ಐಡಿಯಾ ಸೊಗಸಾಗಿದೆ, ಅಲ್ವಾ?

ಹೆಚ್ಚು ದೂರ ಬಂದಿದ್ದು ಮಿಸೌರಿ ವಿಶ್ವವಿದ್ಯಾಲಯದ ಥಾಮಸ್ ಕ್ವಿನ್ ತಂಡದ ಹಾದಿ. ಚರ್ಮ ಕಪ್ಪಾಗಲಿ ಎಂದು ಸಂದೇಶ ಒಯ್ಯುವ ಹಾರ್ಮೋನ್ ಆಲ್ಫಾ-ಎಂಎಸ್‌ಎಚ್. ಅದು ಬಂದು ಕೂರುವ ಎಂಸಿ1ಆರ್ ಎಂಬ ಗ್ರಾಹಕ (ರಿಸೆಪ್ಟರ್) ಬಹಳಷ್ಟು ಮೆಲನೋಮಾ ಕೋಶಗಳ ಮೇಲಿರುತ್ತದೆ. ಆದರೆ ಆ ಹಾರ್ಮೋನ್ ರಕ್ತದಲ್ಲಿ ಬೇಗ ಒಡೆದುಹೋಗುತ್ತದೆ. ಕ್ವಿನ್ ತಂಡ ಅದರ ಒಂದು ತುಣುಕನ್ನು ರೇನಿಯಂ ಲೋಹದಿಂದ ಉಂಗುರದಂತೆ ಬಿಗಿದು ಗಟ್ಟಿಮಾಡಿ, 1998ರಲ್ಲಿ ಪ್ರಕಟಿಸಿತು. ಮುಂದಿನ ತಲೆನೋವು ಕಿಡ್ನಿ. ಇಂಥ ಸಣ್ಣ ಪೆಪ್ಟೈಡ್‌ಗಳು (ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳು) ಅಲ್ಲಿ ಸೋಸಿಹೋಗುವಾಗ ಒಂದಷ್ಟು ಉಳಿದುಕೊಂಡು ಕಿಡ್ನಿಯನ್ನೇ ಸುಡುತ್ತವೆ. ಲೈಸೀನ್ ಎಂಬ ಒಂದೇ ಒಂದು ಅಮೈನೋ ಆಮ್ಲದ ಜಾಗಕ್ಕೆ ಆರ್ಜಿನೀನ್ ಹಾಕಿದಾಗ ಈ ಕಾಟ ಎಷ್ಟೋ ಇಳಿಯಿತು. 2005ರಲ್ಲಿ ಇದೇ ಪೆಪ್ಟೈಡ್‌ಗೆ ವಿಕಿರಣ ಬಿಡುವ ಸೀಸ-212 ಸೇರಿಸಿ ಕೊಟ್ಟಾಗ, ಅತಿ ಹೆಚ್ಚು ಡೋಸ್ ಪಡೆದ ಇಲಿಗಳಲ್ಲಿ ಶೇಕಡಾ 45ರಷ್ಟು ಪ್ರಯೋಗ ಮುಗಿಯುವವರೆಗೂ ರೋಗವಿಲ್ಲದೆ ಬದುಕಿದವು.

ಸೀಸ-212 ಹೊಸಬನೇನಲ್ಲ. ಟ್ರೇಸರ್ ವಿಧಾನದ ಜನಕ ಜಾರ್ಜ್ ಹೆವೆಶಿ 1923ರಲ್ಲಿ ಬೀನ್ಸ್ ಗಿಡದ ಬೇರಿನಿಂದ ಎಲೆಯವರೆಗೆ ಸೀಸ ಹೇಗೆ ಸಾಗುತ್ತದೆಂದು ನೋಡಲು ಬಳಸಿದ್ದೂ ಇದನ್ನೇ. ಥೋರಿಯಂ ಕ್ಷಯಿಸುತ್ತಾ ಹೋದಂತೆ ಇದು ಹುಟ್ಟುತ್ತದೆ. ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಸಮಯ, ಸುಮಾರು 10.6 ಗಂಟೆ. ಇದು ಕ್ಷಯಿಸಿದಾಗ ಹುಟ್ಟುವ ಮಗಳು ಬಿಸ್ಮತ್-212 ಇರುವ ಕಡೆ ಹುಟ್ಟುವ ಆಲ್ಫಾ ಕಣ ಕೆಲವೇ ಕೋಶಗಳಷ್ಟು ದೂರ ಹೋಗಿ, ಅಷ್ಟರಲ್ಲೇ ಡಿಎನ್‌ಎಯನ್ನು ಚಿಂದಿ ಮಾಡುತ್ತದೆ. ಚಿತ್ರ ತೆಗೆಯಲು ಸೀಸ-203 ಇದೆ. ಎರಡೂ ಸೀಸವೇ ಆದ್ದರಿಂದ ಸ್ಕ್ಯಾನ್‌ನಲ್ಲಿ ಒಂದು ಹೋದ ಕಡೆಗೇ ಚಿಕಿತ್ಸೆಯಲ್ಲಿ ಇನ್ನೊಂದೂ ಹೋಗುತ್ತದೆ.

ಅಷ್ಟರಲ್ಲಿ 2011ರಲ್ಲಿ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಪಿಲಿಮುಮಾಬ್ ಎಂಬ ಔಷಧ ಬಂತು. ಅದರ ಹಿಂದೆ ಬಂದ ಇಂಥವೇ ಇಮ್ಯುನೋಥೆರಪಿ ಔಷಧಗಳು ಮೆಲನೋಮಾ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು. ಎಲ್ಲರ ಗಮನ ಅತ್ತ ಹೋಯಿತು. ವಿಕಿರಣದ ಔಷಧಗಳಿಗೆ ಮತ್ತೆ ಹುರುಪು ಬಂದಿದ್ದು ಲುಟೀಷಿಯಂ-177 ಔಷಧಗಳಿಂದ. ಅಮೆರಿಕದಲ್ಲಿ 2018ರಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆಗೆ (ಹಾರ್ಮೋನ್ ತಯಾರಿಸುವ ಕೋಶಗಳಲ್ಲಿ ಹುಟ್ಟುವಂಥದ್ದು), 2022ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅವಕ್ಕೆ ಒಪ್ಪಿಗೆ ಸಿಕ್ಕಿತು.

ಈಗ ಅಮೆರಿಕದ ಪರ್ಸ್ಪೆಕ್ಟಿವ್ ಥೆರಪ್ಯೂಟಿಕ್ಸ್ ಕಂಪನಿಯ ವಿಎಂಟಿ01 ಎಂಬ ಪೆಪ್ಟೈಡ್ ಸೀಸ-212 ಹೊತ್ತು ಮನುಷ್ಯರ ಮೇಲಿನ ಪ್ರಯೋಗದಲ್ಲಿದೆ. ಇಮ್ಯುನೋಥೆರಪಿಯ ನಿವೊಲುಮಾಬ್ ಜೊತೆಗೂ ಕೊಟ್ಟು ನೋಡುತ್ತಿದ್ದಾರೆ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 'ಫಾಸ್ಟ್ ಟ್ರ್ಯಾಕ್' ಸ್ಥಾನ ಕೊಟ್ಟಿತು. ಅದು ಒಪ್ಪಿಗೆಯಲ್ಲ, ಪರಿಶೀಲನೆ ಬೇಗ ಆಗಲಿ ಎಂಬ ಅನುಕೂಲ ಅಷ್ಟೇ. ಅದೂ ಎಲ್ಲ ಮೆಲನೋಮಾ ರೋಗಿಗಳಿಗಲ್ಲ. ಗೆಡ್ಡೆಯಲ್ಲಿ ಎಂಸಿ1ಆರ್ ಇದೆ ಎಂದು ಮೊದಲು ಖಚಿತವಾಗಬೇಕು, ಇಲ್ಲದವರಿಗೆ ಈ ಔಷಧ ಕೊಟ್ಟರೆ ಸುಮ್ನೆ ಕಿಡ್ನಿಗೆ ಹೊರೆ.