ಭೂಪಾಲಿಯ ಧೈವತ: ನಿಯಮದೊಡನೆ ಆಟ

ಕಲಬುರಗಿಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುವ ನನ್ನನ್ನು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ರಾಗನಿಯಮವನ್ನು ಸಡಿಲಿಸಿ ಹಾಡುವ ಹಿರಿಯರಿಗೆ ‘ವಾಹ್’ ಎನ್ನುವ ನಾವು, ಅದನ್ನೇ ಮಾಡಿದ ಶಿಷ್ಯನನ್ನು ಏಕೆ ತಿದ್ದುತ್ತೇವೆ? ಪ್ರಶ್ನೆ ನ್ಯಾಯವಾದದ್ದು, ವಯಸ್ಸನ್ನೋ ಹೆಸರನ್ನೋ ಉತ್ತರವಾಗಿ ಮುಂದಿಡುವುದು ಗುರುವಿಗೆ ಶೋಭಿಸುವುದಿಲ್ಲ.

ಭೂಪಾಲಿ, ದೇಶಕಾರ ಎಂಬೆರಡು ರಾಗಗಳಿಗೂ ಅವೇ ಐದು ಶುದ್ಧ ಸ್ವರಗಳಿದ್ದು, ಮೊದಲನೆಯದರ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ (ಗ), ಎರಡನೆಯದರದು ಧೈವತ (ಧ). ಭೂಪಾಲಿ ಹಾಡುವಾತ ಬೇಕೆಂದೇ ಧೈವತದ ಮೇಲೆ ತುಸು ಹೆಚ್ಚು ಹೊತ್ತು ನಿಂತರೆ ದೇಶಕಾರದ ಛಾಯೆ ಕವಿಯುತ್ತದೆ, ಗಾಂಧಾರಕ್ಕೆ ಇಳಿದೊಡನೆ ಭೂಪಾಲಿ ಮರಳುತ್ತದೆ; ರಾಗ ಹೀಗೆ ಮರೆಯಾಗುವುದನ್ನು ತಿರೋಭಾವ, ಮರಳುವುದನ್ನು ಆವಿರ್ಭಾವ ಎನ್ನುತ್ತೇವೆ. ಗಾಂಧಾರವನ್ನು ಕೇಳುಗನ ಮನಸ್ಸಿನಲ್ಲಿ ನೆಲೆಗೊಳಿಸುವ ಮೊದಲೇ ಶಿಷ್ಯ ಧೈವತಕ್ಕೆ ಧಾವಿಸಿದರೆ, ಮರೆಯಾಗಲು ಅಲ್ಲಿ ರಾಗವೇ ಇರುವುದಿಲ್ಲ. ನಾನು ತಿದ್ದುವುದು ಆ ಅವಸರವನ್ನು.

ಪಾಶ್ಚಾತ್ಯ ಸಂಗೀತದಲ್ಲೂ ಇಂಥ ಆಟವಿದೆ. ಆಸ್ಟ್ರಿಯದ ಸಂಯೋಜಕ ಹೈಡನ್ 1781ರಲ್ಲಿ ರಚಿಸಿದ, ಓಪಸ್ (ಕೃತಿಸಂಖ್ಯೆ) 33ರ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ಕೃತಿಯ) ಅಂತ್ಯದಲ್ಲಿ ಸ್ವರಸಾಲು ತುಂಡುತುಂಡಾಗಿ, ನಡುವೆ ಮೌನ ಬಂದು, ಮುಗಿಯಿತೆನ್ನುವಷ್ಟರಲ್ಲಿ ಆರಂಭದ ಸಾಲೇ ಮತ್ತೆ ಕೇಳಿಸಿ ಕೃತಿ ಅಲ್ಲಿಗೇ ನಿಲ್ಲುತ್ತದೆ. ನಿರೀಕ್ಷೆಗೆ ತಡೆಯುಂಟಾದಾಗ ಭಾವ ಹುಟ್ಟುತ್ತದೆಂದು ಅಮೆರಿಕದ ಸಂಗೀತಶಾಸ್ತ್ರಜ್ಞ ಲಿಯೊನಾರ್ಡ್ ಮೇಯರ್ 1956ರಲ್ಲಿ ವಾದಿಸಿದರು. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂತೋಷವೆಲ್ಲ ಅಚ್ಚರಿಯಿಂದಲೇ ಬರುವುದಾಗಿದ್ದರೆ, ಚೆನ್ನಾಗಿ ಬಲ್ಲ ಧ್ವನಿಮುದ್ರಿಕೆಯನ್ನು ಮತ್ತೆ ಕೇಳುವಾಗ ಅದು ಬತ್ತಿಹೋಗಬೇಕಿತ್ತು. ಹಾಗಾಗುವುದಿಲ್ಲ, ಧೈವತ ಬರುವುದು ಮೊದಲೇ ತಿಳಿದಿದ್ದರೂ, ಗಾಂಧಾರದ ಸೆಳೆತ ಎಷ್ಟು ದೂರದವರೆಗೆ ತಾಳಬಲ್ಲದೆಂದು ನಾವು ಕಿವಿಗೊಟ್ಟು ಪರೀಕ್ಷಿಸುತ್ತಿರುತ್ತೇವೆ.

ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಮೂಡಿದ ಕವಿರಾಜಮಾರ್ಗವು, ಮೊದಲ ಪರಿಚ್ಛೇದದಲ್ಲಿಯೇ ಕಾವ್ಯದ ದೋಷದೊಡನೆ ಅದೋಷವನ್ನೂ, ಅಂದರೆ ದೋಷವಲ್ಲದ್ದನ್ನೂ, ವಿಚಾರಿಸುತ್ತದೆ. ಈ ವಿವೇಚನೆ ಗಾಯಕನಿಗೂ ಬೇಕು. ಬಿಹಾಗ ರಾಗದಲ್ಲಿ ಹಿಂದೆ ವಿವಾದಿ (ರಾಗಕ್ಕೆ ಸೇರದ ಸ್ವರ) ಎಂದು ಮಿತವಾಗಿ ಬಳಸುತ್ತಿದ್ದ ತೀವ್ರ ಮಧ್ಯಮ ಇಂದು ಆ ರಾಗದ ಗುರುತೇ ಆಗಿರುವುದರಿಂದ, ಅದನ್ನು ಹಚ್ಚಿದವನು ಈಗ ಯಾವ ನಿಯಮದೊಡನೆಯೂ ಆಡುತ್ತಿರುವುದಿಲ್ಲ.

ತತ್ವಪದದ ಭಜನೆಯಲ್ಲಿ ಬೆಳೆದ ನಮ್ಮ ಭಾಗದ ಕೇಳುಗರು ಪಲ್ಲವಿಯ ಒಂದು ತಿರುವು ಬದಲಾದರೂ ತಲೆಯೆತ್ತಿ ನೋಡುತ್ತಾರೆ. ಅಂಥವರೆದುರು ಹಾಡುವ ಶಿಷ್ಯರಿಗೆ ನಾನು ಹೇಳುವುದಿಷ್ಟು: ಆಲಾಪದಲ್ಲಿ ಗಾಂಧಾರಕ್ಕೆ ಸಾಕಷ್ಟು ಹೊತ್ತು ಕೊಡಿ, ಅದು ಸಭೆಯ ಕಿವಿಯಲ್ಲಿ ನಿಂತಿತೆಂದು ಖಚಿತವಾದ ಮೇಲೆ ಧೈವತಕ್ಕೆ ಹೋಗಿ.