ಪದ ಪರಿಚಯ: ಮಿತಿ ಮೀರಿದ ಆತ್ಮರಕ್ಷಣೆ

ತುಮಕೂರು ಕೋರ್ಟಿನ ಹೊರಗೆ ಟೀ ಕುಡಿಯುತ್ತಾ ನಿಂತರೆ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: ‘ತ್ರೀ ನಾಟ್ ಟೂ ಹಾಕಿದ್ರು, ತ್ರೀ ನಾಟ್ ಫೋರ್‌ಗೆ ಇಳೀತು.’ ಕೊಲೆ ಅಂತ ಶುರುವಾದ ಕೇಸು ‘ಕೊಲೆಯಲ್ಲದ ನರಹತ್ಯೆ’ ಆಯಿತು ಎಂದರ್ಥ. ಇವು ಹಳೇ ದಂಡ ಸಂಹಿತೆಯ (ಐಪಿಸಿ) 302 ಮತ್ತು 304ನೇ ಕಲಂಗಳು; 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 103 ಮತ್ತು 105. ಬಾಯಿಗೆ ಮಾತ್ರ ಹಳೇ ನಂಬರೇ ಬರುತ್ತದೆ. ಹಾಗೆ ಇಳಿಯುವ ದಾರಿಗಳಲ್ಲೊಂದು ಮಿತಿ ಮೀರಿದ ಆತ್ಮರಕ್ಷಣೆ, ಅಂದರೆ ಜೀವ ಉಳಿಸಿಕೊಳ್ಳಲು ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಏಟು ಕೊಟ್ಟು ಕೊಂದುಬಿಡುವುದು.

ಗುಬ್ಬಿ ಕಡೆಯ ಒಂದು ತೆಂಗಿನ ತೋಟ ಅಂದುಕೊಳ್ಳಿ. ರಾತ್ರಿ ಕರೆಂಟು ಬಂತೆಂದು ಮೋಟರ್ ಹಾಕಲು ಹೋದವನ ಮೇಲೆ, ಬದುವಿನ ಜಗಳ ಇಟ್ಟುಕೊಂಡ ದಾಯಾದಿ ದೊಣ್ಣೆ ಎತ್ತಿ ಬರುತ್ತಾನೆ. ಇವನು ಪಂಪ್‌ಹೌಸಿನ ಸೂರಿಗೆ ಸಿಕ್ಕಿಸಿದ್ದ ಮಚ್ಚು ಎಳೆದು ಬೀಸುತ್ತಾನೆ. ಪ್ರಾಣಕ್ಕೆ ಕುತ್ತು ಬಂತೆಂಬ ಭಯಕ್ಕೆ ತಕ್ಕ ಕಾರಣವಿದ್ದರೆ, ಆ ಏಟಿಗೆ ಎದುರಿನವನು ಸತ್ತರೂ ಅದು ಅಪರಾಧವೇ ಅಲ್ಲ. ದೊಣ್ಣೆ ಕೈಜಾರಿ ಅವನು ಮಂಡಿಯೂರಿದ ಮೇಲೆ ಬಿದ್ದ ಎರಡನೇ ಏಟು? ಇಡೀ ಕೇಸು ನಿಂತಿರುವುದು ಅದರ ಮೇಲೆ. ಮೊದಲೇ ಯೋಚಿಸದೆ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ, ನಿಜಕ್ಕೂ ಜೀವ ಉಳಿಸಿಕೊಳ್ಳಲೆಂದೇ ಕೊಟ್ಟಿದ್ದರೆ 105. ಹಳೇ ಸಿಟ್ಟು ತೀರಿಸಿಕೊಂಡದ್ದಾದರೆ 103. ಇಂಥ ಗಳಿಗೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ಅದೆಷ್ಟು ಸೂಕ್ಷ್ಮದ ತಕ್ಕಡಿ ಎಂದು ಚಿನ್ನದ ಗಣಿಯಿದ್ದ ಕೋಲಾರದವರನ್ನು ಕೇಳಿದರೆ ಸಾಕು.

ಇನ್ನು, ಏಟು ಕೊಟ್ಟವನಿಗೆ ಮಾನಸಿಕ ಕಾಯಿಲೆ ಇದ್ದರೆ? ‘ಅವನಿಗೆ ತಲೆ ಸರಿ ಇಲ್ಲ ಸ್ವಾಮಿ’ ಎಂದು ಊರವರು ಅಂದರೆ ಸಾಲದು. ತಾನು ಮಾಡುತ್ತಿರುವುದು ಏನೆಂದು, ಅಥವಾ ಅದು ತಪ್ಪೆಂದು ತಿಳಿಯುವ ಶಕ್ತಿಯೇ ಕಾಯಿಲೆಯಿಂದಾಗಿ ಆ ಹೊತ್ತಿನಲ್ಲಿ ಇರಲಿಲ್ಲ ಎಂದಾದರೆ ಮಾತ್ರ 22ನೇ ಕಲಂ ಕೈಹಿಡಿಯುತ್ತದೆ. ಆಗಲೂ ಸುಮ್ಮನೆ ಮನೆಗೆ ಕಳಿಸುವುದಿಲ್ಲ. ಸುರಕ್ಷಿತ ಜಾಗದಲ್ಲಿ ಇರಿಸುತ್ತಾರೆ, ಇಲ್ಲವೇ ನೋಡಿಕೊಳ್ಳುವ ಭರವಸೆ ಪಡೆದು ನೆಂಟರಿಗೆ ಒಪ್ಪಿಸುತ್ತಾರೆ. ಅರಿವಿತ್ತು, ಆದರೆ ಕಾಯಿಲೆಯಿಂದ ಭಯ ಹತ್ತು ಪಟ್ಟಾಗಿ ಕಂಡಿತು ಎಂಬ ನಡುವಿನ ಸ್ಥಿತಿಗೆ ನಮ್ಮಲ್ಲಿ ಬೇರೆ ಕಲಂ ಇಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದೆ, ಕೊಲೆಯನ್ನು ನರಹತ್ಯೆಗೆ ಇಳಿಸುವಂಥದ್ದು. ಇಲ್ಲಿ ಅಪರಾಧ ಸಾಬೀತಾದ ಮೇಲೆ, ಶಿಕ್ಷೆ ಎಷ್ಟು ಎಂದು ಕೇಳುವ ದಿನ ವಕೀಲರು ಆಸ್ಪತ್ರೆ ಚೀಟಿ ಮುಂದಿಡಬೇಕು.

ಆ ಜಾಗವೂ ಈಗ ಕಿರಿದಾಗಿದೆ. ಕೊಲ್ಲುವ ಉದ್ದೇಶ ಇತ್ತೆಂದಾದಾಗ ಹಳೇ 304ರಲ್ಲಿ ಕನಿಷ್ಠ ಶಿಕ್ಷೆ ಎಂಬುದಿರಲಿಲ್ಲ. 105ರಲ್ಲಿ 5 ವರ್ಷಕ್ಕಿಂತ ಕೆಳಗಿಳಿಯುವಂತಿಲ್ಲ, ಮೇಲೆ ಜೀವಾವಧಿಯವರೆಗೆ. ಕಾಯಿಲೆಯವನ ವಿಷಯದಲ್ಲಿ ಇದು ಬಿಗಿಯಾಯಿತು ಅನ್ನಿಸುತ್ತದೆ. ಸಾಯಬಹುದೆಂದು ಗೊತ್ತಿತ್ತು, ಉದ್ದೇಶ ಇರಲಿಲ್ಲ ಎಂದಾದರೆ ಗರಿಷ್ಠ 10 ವರ್ಷ, ಕನಿಷ್ಠ ಇಲ್ಲ. ಅವನ ವಕೀಲರು ಗುದ್ದಾಡಬೇಕಾದ್ದು ಈ ಎರಡನೇ ಭಾಗಕ್ಕೇ.